ಕಾಡಂಚಿನ ಮಕ್ಕಳಿಗೆ ಪರಿಸರ ಕಾಯಕ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಬೇಸಾಯವನ್ನು ನೆಚ್ಚಿ ಬದುಕುವ ಊರು. ತಾಲ್ಲೂಕಿನ ಒಂದು ಮಗ್ಗುಲಿಗೆ ಬಂಡೀಪುರದ ಅರಣ್ಯ, ಅದರ ನೆತ್ತಿಯಂತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಇತ್ತ ಅರಿಶಿನ, ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂವು, ಬಾಳೆ ಬೆಳೆಯುವ ಹೊಲಗಳು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮಳೆ ಅಳೆದು ಸುರಿದಂತೆ ಬರುತ್ತದೆ. ಗುಂಡ್ಲು ಹೊಳೆಯಲ್ಲಿ ವರ್ಷದ ಬಹುಕಾಲ ನೀರು ಕಾಣುವುದಿಲ್ಲ. ಆದರೆ ಅದೇ ಹೊಳೆ ಕೌಂಡಿನ್ಯವೆಂಬ ಹೆಸರಿನಿಂದ ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುವೆಡೆಯಲ್ಲಿ ಭಕ್ತರು ಮಿಂದು ಕೈಮುಗಿಯುತ್ತಾರೆ. ಸಂಗಮಕ್ಕೆ ಕೈಮುಗಿಯುವ ನಾವು ಆ ನೀರು ಹುಟ್ಟುವ ಹಳ್ಳ, ಕೆರೆ, ಕಾಡುಗಳ ಕಡೆಗೆ ತಿರುಗಿ ನೋಡುವುದು ಅಪರೂಪ. ಇಂತಹ ಊರಿನಲ್ಲಿ ಆರು, ಏಳು, ಎಂಟನೆಯ ತರಗತಿಗಳಲ್ಲಿ ಓದುತ್ತಿರುವ ಮಕ್ಕಳಿಗೆ, ಊರೇ ಕೂಡಿ ಪರಿಸರವನ್ನು ಕಾಪಾಡುವ ಬಗೆಯನ್ನು ಕಲಿಸುವುದು ಹೇಗೆಂಬುದು ಈ ಲೇಖನದ ವಿಚಾರ.

ಇದು ಸುಲಭದ ವಿಚಾರವಲ್ಲ. 2019ರಲ್ಲಿ ಇದೇ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರಗಳ ಸುತ್ತ ಹುಲಿಯೊಂದು ಇಬ್ಬರು ರೈತರನ್ನು ಬಲಿ ತೆಗೆದುಕೊಂಡಿತು. ಆ ಅಕ್ಟೋಬರಿನಲ್ಲಿ ಸಾಕಾನೆಗಳ ನೆರವಿನಿಂದ ಅದನ್ನು ಸೆರೆಹಿಡಿಯುವವರೆಗೆ ಜನ ಹೊಲಕ್ಕೆ ಕಾಲಿಡಲು ಅಂಜಿದರು. 2025ರ ಜೂನ್ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೇ ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಲಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿಯನ್ನು ಹಿಡಿಯಲು ಇಟ್ಟಿದ್ದ ಬೋನಿನೊಳಗೆ ರೊಚ್ಚಿಗೆದ್ದ ಗ್ರಾಮಸ್ಥರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಈ ಸುದ್ದಿಗಳನ್ನು ಹಿರಿಯರು ಕಟ್ಟೆಯ ಮೇಲೆ ಮಾತಾಡುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಮಕ್ಕಳು. ಮರುದಿನ ಶಾಲೆಯಲ್ಲಿ ಅವರೇ ಹುಲಿ ನಮ್ಮ ರಾಷ್ಟ್ರೀಯ ಪ್ರಾಣಿ, ಅದನ್ನು ಸಂರಕ್ಷಿಸಬೇಕು ಎಂದು ಉತ್ತರ ಬರೆದು ಪೂರ್ಣ ಅಂಕ ಪಡೆಯುತ್ತಾರೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆದಾಗ ಮಗು ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತದೆ. ದೊಡ್ಡವನಾದ ಮೇಲೆ ಯಾವ ಪೆಟ್ಟಿಗೆ ತೆರೆಯುತ್ತಾನೆ ಎಂಬುದರ ಮೇಲೆ ಕಾಡಿನ ಅಳಿವು ಉಳಿವು ನಿಂತಿದೆ.

ಪರಿಸರ ಶಿಕ್ಷಣಕ್ಕೆ ಆಧಾರವಾದ ಕಾನೂನಿಗೇನೂ ಕೊರತೆಯಿಲ್ಲ. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ರಕ್ಷಿಸುವುದೂ ಜೀವಿಗಳಲ್ಲಿ ದಯೆ ತೋರುವುದೂ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿದೆ. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕೆಂದು ಆದೇಶಿಸಿತು. 2003ರಲ್ಲಿ ಅದನ್ನು ಮತ್ತೆ ನೆನಪಿಸಿತು. ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಬಂದು ಎರಡು ದಶಕ ಮೀರಿದೆ. ಇಷ್ಟಾದರೂ ಬಹಳ ಕಡೆ ಈ ಶಿಕ್ಷಣ ಜೂನ್ 5ರಂದು ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಹೋದ ವರ್ಷದ ಗುಂಡಿಗೇ ಈ ವರ್ಷದ ಸಸಿಯೂ ಬೀಳುವುದನ್ನು ಕಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಈ ಕೊರತೆಯನ್ನು ಶರಣರ ದೃಷ್ಟಿಯಿಂದ ನೋಡಿದರೆ ಕಾರಣ ಬೇಗ ತಿಳಿಯುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಸಾವಿರಾರು ಕೈಗಳನ್ನು ಕೂಡಿಸಿ ಕೆರೆ ಕಟ್ಟಿಸಿದವರು. ಇಂದಿನ ಸೊಲ್ಲಾಪುರದ ನಡುವೆ ಆ ಕೆರೆ ಇನ್ನೂ ಇದೆ. ಆ ಕೆಲಸ ನಡೆಯುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಸಿದ್ಧರಾಮರನ್ನು ಕೆಣಕಿ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪ್ರಭುಗಳು ಕೆರೆಯನ್ನು ಹಳಿಯಲು ಬಂದವರಲ್ಲ. ಹೊರಗೆ ಅಗೆಯುವವನು ತನ್ನ ಒಳಗನ್ನೂ ಅಗೆದುಕೊಂಡಿರುವನೇ ಎಂಬುದು ಅವರ ಪ್ರಶ್ನೆಯ ತಿರುಳು. ಅರಿವಿಲ್ಲದ ಕ್ರಿಯೆ ಬರಿಯ ಮಣ್ಣುಹೊರುವಿಕೆ. ಕ್ರಿಯೆಯಿಲ್ಲದ ಅರಿವು ಬರಿಯ ಮಾತು. ಇಂದಿನ ಪರಿಸರ ಪಾಠದಲ್ಲಿ ಎರಡೂ ದೋಷಗಳಿವೆ: ಸಸಿ ನೆಡುವಾಗ ಅರಿವಿಲ್ಲ, ಪಾಠ ಓದುವಾಗ ಕ್ರಿಯೆಯಿಲ್ಲ.

ಹನ್ನೊಂದರಿಂದ ಹದಿಮೂರರ ವಯಸ್ಸು ಈ ಎರಡನ್ನೂ ಬೆಸೆಯಲು ಒಳ್ಳೆಯ ಕಾಲ. ಈ ವಯಸ್ಸಿನ ಮಗುವಿಗೆ ಅಳೆಯಲು, ತೂಗಲು, ನಕ್ಷೆ ಬರೆಯಲು ಬರುತ್ತದೆ. ಹಿರಿಯರನ್ನು ಪ್ರಶ್ನೆ ಕೇಳುವ ಧೈರ್ಯ ಬಂದಿರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯ ಭಯ ಇನ್ನೂ ಮೈಮೇಲೆ ಬಂದಿರುವುದಿಲ್ಲ. ನ್ಯಾಯ ಅನ್ಯಾಯಗಳ ಬಗ್ಗೆ ಮನಸ್ಸು ಬಹು ಚುರುಕಾಗಿರುತ್ತದೆ. ಇಂತಹ ಮಗುವಿಗೆ ಘೋಷಣಾ ಫಲಕ ಹಿಡಿಸುವ ಬದಲು ಊರಿಗೆ ನಿಜವಾಗಿ ಬೇಕಾದ ಒಂದು ಕೆಲಸವನ್ನು ವಹಿಸಬೇಕು. ಅದನ್ನೇ ನಾವು ಕಾಯಕ ಎನ್ನುತ್ತೇವೆ. ಅದರ ಫಲ ಊರಿನವರಿಗೆ ಸಲ್ಲುವಂತಿರಬೇಕು. ಅದು ದಾಸೋಹ.

ಮೊದಲ ಪಾಠ ಕೆರೆಯ ಏರಿಯ ಮೇಲೆಯೇ ಆಗಲಿ. ಕೆರೆ ಎಂದರೆ ನೀರು ನಿಂತ ಗುಂಡಿಯೆಂದು ಮಕ್ಕಳು ತಿಳಿದಿರುತ್ತಾರೆ. ಅದು ಒಂದು ವ್ಯವಸ್ಥೆ. ಮಳೆನೀರು ಯಾವ ದಿಬ್ಬದಿಂದ ಇಳಿದು, ಯಾವ ಕಾಲುವೆಯ ಮೂಲಕ ಬಂದು ಸೇರುತ್ತದೆ? ಏರಿ ಎಲ್ಲಿ ಸವೆದಿದೆ? ತೂಬು ತೆರೆಯುತ್ತದೆಯೇ, ಹೂಳಿನಲ್ಲಿ ಮುಚ್ಚಿಹೋಗಿದೆಯೇ? ತುಂಬಿದ ನೀರು ಕೋಡಿ ಬಿದ್ದು ಮುಂದಿನ ಯಾವ ಕೆರೆಗೆ ಹೋಗುತ್ತದೆ? ಹಿಂದೆ ನೀರಗಂಟಿ ಎಂಬುವನಿದ್ದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಣಯಿಸುತ್ತಿದ್ದ. ಅವನ ಮಾತನ್ನು ಊರ ಯಜಮಾನನೂ ಮೀರುತ್ತಿರಲಿಲ್ಲ. ಆ ನೀರಗಂಟಿಯ ಮನೆತನದವರು ಊರಿನಲ್ಲಿದ್ದರೆ ಅವರನ್ನೇ ಒಂದು ದಿನ ಮೇಷ್ಟರನ್ನಾಗಿ ಕರೆಯಬೇಕು. ಮಕ್ಕಳು ಕಾಲುವೆಯುದ್ದಕ್ಕೂ ನಡೆದು, ಎಲ್ಲಿ ಒತ್ತುವರಿಯಾಗಿದೆ, ಎಲ್ಲಿ ಕಸ ಸುರಿದಿದ್ದಾರೆ, ಎಲ್ಲಿ ಮಣ್ಣು ಕುಸಿದಿದೆ ಎಂದು ಗುರುತಿಸಿ ದೊಡ್ಡ ಹಾಳೆಯಲ್ಲಿ ನಕ್ಷೆ ಬರೆಯಲಿ. ಇಲ್ಲಿ ಶಿಕ್ಷಕರಿಗೆ ಒಂದು ಎಚ್ಚರಿಕೆ ಬೇಕು. ಒತ್ತುವರಿ ಮಾಡಿದವರು ತರಗತಿಯಲ್ಲೇ ಕುಳಿತಿರುವ ಮಗುವಿನ ತಂದೆಯಾಗಿರಬಹುದು. ನಕ್ಷೆಯಲ್ಲಿ ಜಾಗ ಇರಲಿ, ಹೆಸರು ಬೇಡ. ಮಗುವನ್ನು ಮನೆಯವರ ಎದುರು ಸಾಕ್ಷಿಯಾಗಿ ನಿಲ್ಲಿಸುವುದು ಶಿಕ್ಷಣವಾಗದು.

ಕಬಿನಿಯ ನೀರನ್ನು ನಂಜನಗೂಡು ತಾಲ್ಲೂಕಿನ ಆಲಂಬೂರಿನ ಬಳಿ ಮೇಲೆತ್ತಿ ಕೊಳವೆಗಳ ಮೂಲಕ ಈ ಭಾಗದ ಕೆರೆಗಳಿಗೆ ತುಂಬಿಸುವ ಯೋಜನೆಯಿಂದ ಬತ್ತಿದ್ದ ಎಷ್ಟೋ ಕೆರೆಗಳು ನೀರು ಕಂಡಿವೆ. ರೈತರಿಗೆ ಇದು ದೊಡ್ಡ ಆಸರೆ. ಆದರೆ ಮಕ್ಕಳ ಮನಸ್ಸಿನಲ್ಲಿ, ಕೆರೆಗೆ ನೀರು ಬರುವುದು ಪೈಪಿನಿಂದ ಎಂಬ ಕಲ್ಪನೆ ಬೇರೂರಬಾರದು. ಪೈಪಿನ ನೀರು ವಿದ್ಯುತ್ತನ್ನು ನೆಚ್ಚಿದೆ, ಕಬಿನಿಯ ತುಂಬುವಿಕೆಯನ್ನು ನೆಚ್ಚಿದೆ. ಕಾಲುವೆಯ ನೀರು ಊರಿನವರ ನಡತೆಯನ್ನು ನೆಚ್ಚಿದೆ. ಕೊಳವೆಬಾವಿ ವರ್ಷ ವರ್ಷಕ್ಕೂ ಆಳಕ್ಕೆ ಇಳಿಯುತ್ತಿರುವ ಸಂಗತಿಯನ್ನು ಯಾವ ಪುಸ್ತಕವೂ ಹೇಳಬೇಕಿಲ್ಲ. ತಮ್ಮ ಹೊಲದಲ್ಲಿ ಮೊದಲ ಬಾವಿ ಎಷ್ಟು ಅಡಿ, ಕೊನೆಯದು ಎಷ್ಟು ಅಡಿ ಎಂದು ಪ್ರತಿ ಮಗುವೂ ಅಜ್ಜನನ್ನೂ ಅಪ್ಪನನ್ನೂ ಕೇಳಿ ಬರೆದುಕೊಂಡು ಬಂದರೆ ಕರಿಹಲಗೆಯ ಮೇಲೆ ಊರಿನ ಅಂತರ್ಜಲದ ಚರಿತ್ರೆ ತಾನಾಗಿ ಮೂಡುತ್ತದೆ.

ಮಳೆಯನ್ನು ಅಳೆಯುವುದಕ್ಕೆ ಬೆಲೆಬಾಳುವ ಉಪಕರಣ ಬೇಡ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಒಂದು ಡಬ್ಬವನ್ನು ಶಾಲೆಯ ಅಂಗಳದ ಬಯಲಿನಲ್ಲಿಟ್ಟು, ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ಅಳತೆಪಟ್ಟಿ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದಿಟ್ಟರೆ ಸಾಕು. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. 10 ಮೀಟರ್ ಉದ್ದ, 8 ಮೀಟರ್ ಅಗಲದ ಶಾಲಾ ಚಾವಣಿಯ ಮೇಲೆ 25 ಮಿ.ಮೀ. ಮಳೆ ಸುರಿದರೆ 2,000 ಲೀಟರ್. ಅದೇ ಮಳೆ ಒಂದು ಎಕರೆ ಹೊಲದ ಮೇಲೆ ಸುರಿದರೆ ಸುಮಾರು 1 ಲಕ್ಷ ಲೀಟರ್. ಈ ಲೆಕ್ಕವನ್ನು ತಾನೇ ಮಾಡಿದ ಮಗು ಮನೆಗೆ ಹೋಗಿ, ಬದು ಹಾಕದ ಹೊಲದಿಂದ ಎಷ್ಟು ನೀರು ಹರಿದುಹೋಯಿತೆಂದು ತಂದೆಗೆ ಹೇಳದೆ ಇರಲಾರದು. ಗಣಿತದ ಮೇಷ್ಟರು ಇದನ್ನು ತಮ್ಮ ಪಾಠವೆಂದೇ ಭಾವಿಸಬಹುದು.

ಇನ್ನು ಕಾಡಿನ ಪಾಠ. ಇಲ್ಲಿಯೇ ಹೆಚ್ಚು ವಿವೇಕ ಬೇಕು. ನಗರದ ಮಗುವಿಗೆ ಆನೆ ಅಚ್ಚರಿಯ ಪ್ರಾಣಿ. ಕಾಡಂಚಿನ ಮಗುವಿಗೆ ಅದು ಬಾಳೆ ತೋಟವನ್ನು ಒಂದೇ ರಾತ್ರಿಯಲ್ಲಿ ತುಳಿದುಹೋದ ಪ್ರಾಣಿ. ಅಪ್ಪ ಅಟ್ಟಣೆಯ ಮೇಲೆ ಕುಳಿತು ಚಳಿಯಲ್ಲಿ ಕಾವಲು ಕಾಯ್ದ ರಾತ್ರಿಗಳನ್ನು ಆ ಮಗು ಕಂಡಿದೆ. ಆ ಅನುಭವಕ್ಕೆ ತರಗತಿಯಲ್ಲಿ ಮೊದಲು ಜಾಗ ಕೊಡಬೇಕು. ನಿಮ್ಮ ಮನೆಯ ಹಸುವನ್ನು, ಮೇಕೆಯನ್ನು ಕಾಡುಪ್ರಾಣಿ ಕೊಂದದ್ದುಂಟೇ, ಅಂದು ಮನೆಯಲ್ಲಿ ಏನಾಯಿತು ಎಂದು ಕೇಳಿ, ಅಡ್ಡ ಬಾರದೆ ಆಲಿಸಬೇಕು. ನಷ್ಟವನ್ನು ಒಪ್ಪಿಕೊಳ್ಳದೆ ದಯೆಯನ್ನು ಬೋಧಿಸಿದರೆ ಅದು ಉಳ್ಳವರ ಉಪದೇಶವಾಗಿ ಕೇಳಿಸುತ್ತದೆ. ಸಕಲ ಜೀವಿಗಳಿಗೆ ಲೇಸು ಬಯಸಿದ ಶರಣರು ದುಡಿಯುವವನ ಹೊಟ್ಟೆಯನ್ನು ಮರೆತು ಹಾಗೆ ಬಯಸಿದವರಲ್ಲ.

ಆಲಿಸಿದ ಮೇಲೆ ಮುಂದಿನ ಹೆಜ್ಜೆ ಪರಿಹಾರದ ಅರ್ಜಿ. ಹುಲಿ, ಚಿರತೆಗಳು ಜಾನುವಾರನ್ನು ಕೊಂದರೆ, ಆನೆ, ಹಂದಿಗಳು ಬೆಳೆ ಹಾಳುಮಾಡಿದರೆ ಸರ್ಕಾರದಿಂದ ಪರಿಹಾರ ದೊರೆಯುತ್ತದೆ. ಅರಣ್ಯ ಇಲಾಖೆಯ ‘ಇ-ಪರಿಹಾರ’ ವ್ಯವಸ್ಥೆಯೂ ಇದೆ. ಆದರೆ ಕಳೇಬರವನ್ನು ಅಲ್ಲಿಂದ ಕದಲಿಸಬಾರದು, ಕೂಡಲೇ ಅರಣ್ಯ ಕಚೇರಿಗೆ ತಿಳಿಸಬೇಕು, ಪಶುವೈದ್ಯರು ಬಂದು ನೋಡಬೇಕು, ಪಹಣಿ, ಬ್ಯಾಂಕ್ ಖಾತೆಯ ವಿವರ ಸಿದ್ಧವಿರಬೇಕು ಎಂಬ ತಿಳಿವಳಿಕೆ ಅನೇಕರಿಗಿಲ್ಲ. ಅಲೆದಾಟಕ್ಕೆ ಬೇಸತ್ತವನ ಕೈಗೆ ವಿಷದ ಸೀಸೆ ಹತ್ತಿರವಾಗಿ ಕಾಣುತ್ತದೆ. ವನ್ಯಜೀವಿ ಅಧ್ಯಯನ ಕೇಂದ್ರವು 2015ರಿಂದ ಬಂಡೀಪುರ, ನಾಗರಹೊಳೆಗಳ ಸುತ್ತ ‘ವೈಲ್ಡ್ ಸೇವೆ’ ಎಂಬ ಹೆಸರಿನಲ್ಲಿ, ದೂರವಾಣಿ ಕರೆ ಮಾಡಿದವರ ಊರಿಗೇ ಬಂದು ಇಂತಹ ಅರ್ಜಿಗಳನ್ನು ಬರೆದುಕೊಡುವ ಕೆಲಸ ಮಾಡುತ್ತಿದೆ. ಏಳನೆಯ ತರಗತಿಯ ಮಗು ಕನ್ನಡದಲ್ಲಿ ಅರ್ಜಿ ಬರೆಯಲು ಹೇಗೂ ಕಲಿಯುತ್ತದೆ. ರಜೆ ಕೋರುವ ಅರ್ಜಿಯ ಜೊತೆಗೆ, ಮೇಕೆ ಕಳೆದುಕೊಂಡ ನೆರೆಮನೆಯ ಅಜ್ಜಿಯ ಪರವಾಗಿ ವಲಯ ಅರಣ್ಯಾಧಿಕಾರಿಗೆ ಅರ್ಜಿ ಬರೆಯುವುದನ್ನೂ ಕಲಿಸಿದರೆ ಅದಕ್ಕಿಂತ ಮಿಗಿಲಾದ ವನ್ಯಜೀವಿ ಸಂರಕ್ಷಣೆಯ ಪಾಠ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಅದೇ ಸಂಸ್ಥೆ 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ ಕಾರ್ಯಕ್ರಮವು ಸಂಘರ್ಷ ಹೆಚ್ಚಿರುವ ಕಾಡಂಚಿನ ಗ್ರಾಮಗಳ 10ರಿಂದ 13 ವರ್ಷದ ಮಕ್ಕಳಿಗಾಗಿಯೇ ರೂಪಿತವಾದದ್ದು. ಆಟ, ಕಥೆ, ಚಿತ್ರಗಳ ಮೂಲಕ ಸ್ಥಳೀಯ ಪ್ರಾಣಿಗಳ ಪರಿಚಯ, ಅವುಗಳೊಡನೆ ಎಚ್ಚರದಿಂದ ಬದುಕುವ ರೀತಿ ಇದರಲ್ಲಿ ಸೇರಿವೆ. ಆನೆ ಎದುರಾದರೆ ಏನು ಮಾಡಬೇಕು, ಮುಸ್ಸಂಜೆ ಒಬ್ಬರೇ ಪೊದೆಯ ದಾರಿಯಲ್ಲಿ ಏಕೆ ಹೋಗಬಾರದು ಎಂಬುದು ಈ ಮಕ್ಕಳಿಗೆ ಪ್ರಾಣದ ಪ್ರಶ್ನೆ. ಸರ್ಕಾರಿ ಶಾಲೆಯ ಮಕ್ಕಳನ್ನು ಅರಣ್ಯಕ್ಕೆ ಕರೆದೊಯ್ಯುವ ಇಲಾಖೆಯ ‘ಚಿಣ್ಣರ ವನ ದರ್ಶನ’ವೂ ಉಪಯುಕ್ತ. ಹೊಲದಲ್ಲಿ ಭಯದಿಂದಲೇ ಕಂಡ ಆನೆಯನ್ನು ಅದರ ಮನೆಯಲ್ಲಿ, ಮರಿಯೊಡನೆ ಶಾಂತವಾಗಿ ಮೇಯುತ್ತಿರುವಾಗ ನೋಡುವ ಅವಕಾಶ ಕಾಡಂಚಿನ ಮಗುವಿಗೂ ಸಿಗಬೇಕಲ್ಲವೇ?

ಸೌದೆಯ ವಿಚಾರವನ್ನು ತಾಯಂದಿರಿಲ್ಲದೆ ಹೇಳಲಾಗದು. ಮನೆಯಲ್ಲಿ ಒಂದು ದಿನಕ್ಕೆ ಉರಿಯುವ ಸೌದೆಯನ್ನು ತೂಗಿ ನೋಡಲಿ. ದಿನಕ್ಕೆ 5 ಕಿಲೋ ಎಂದಿಟ್ಟುಕೊಂಡರೂ ವರ್ಷಕ್ಕೆ 1,825 ಕಿಲೋ. ಅಂದರೆ ಸುಮಾರು ಎರಡು ಟನ್. ಅದನ್ನು ತಲೆಯ ಮೇಲೆ ಹೊತ್ತು ತಂದವರು ಯಾರು, ತರುವಾಗ ಆನೆಗೆ ಅಂಜಿ ಎಷ್ಟು ಬಾರಿ ಓಡಿಬಂದರು ಎಂಬುದನ್ನೂ ಕೇಳಲಿ. ಕೃಪಾಕರ, ಸೇನಾನಿ ಮತ್ತು ಗೆಳೆಯರು ಕಟ್ಟಿದ ‘ನಮ್ಮ ಸಂಘ’ ಬಂಡೀಪುರದ ಸುತ್ತಣ ಹಳ್ಳಿಗಳ ಮನೆಮನೆಗೆ ಅಡುಗೆ ಅನಿಲ ತಲುಪಿಸಿದ್ದು ಈ ಮೂಲವನ್ನು ಹಿಡಿದೇ. ಕಾಡಿಗೆ ಹೋಗಬೇಡಿ ಎಂದು ಹೇಳುವ ಬದಲು ಹೋಗಬೇಕಾದ ಅಗತ್ಯವನ್ನೇ ಕಡಿಮೆ ಮಾಡಿದರು. ಮಕ್ಕಳಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಬಹುದು. ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಒಪ್ಪದೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ನೆಲಕ್ಕೆ ಬಿದ್ದದ್ದನ್ನು ಆಯುವುದಕ್ಕೂ ಒಂದು ಮಿತಿಯುಂಟೆಂದು ಅರಿತಿದ್ದ ಆ ತಾಯಿಯ ಕಥೆ, ಕಾಡಿನಿಂದ ಏನನ್ನಾದರೂ ತರುವ ಮನೆಯ ಮಗುವಿಗೆ ಬೇಗ ಅರ್ಥವಾಗುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಸಾವಿರಾರು ಎಕರೆಯನ್ನು ಸುಟ್ಟಿತು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕಪ್ಪಾದುದನ್ನು ತಾಲ್ಲೂಕಿನ ಜನ ಕಣ್ಣಾರೆ ಕಂಡರು. ಈ ಎಲೆಯುದುರುವ ಒಣ ಕಾಡಿನಲ್ಲಿ ಬೆಂಕಿ ಬಹುಪಾಲು ಮನುಷ್ಯರಿಂದಲೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ತುಪ್ಪ ಸುರಿಯುವುದು ಲಂಟಾನ. ಅಮೆರಿಕ ಖಂಡದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅಲಂಕಾರದ ಗಿಡವಾಗಿ ಬಂದ ಇದು ಇಂದು ಬಂಡೀಪುರದ ನೆಲವನ್ನು ದಟ್ಟವಾಗಿ ಮುಸುಕಿದೆ. ಅದರಡಿ ಹುಲ್ಲು ಬೆಳೆಯದು. ಹುಲ್ಲಿಲ್ಲದ ಕಡೆ ಜಿಂಕೆ, ಆನೆಗಳಿಗೆ ಮೇವಿಲ್ಲ. ಮೇವಿಲ್ಲದ ಆನೆ ಹೊಲದತ್ತ ಮುಖ ಮಾಡುತ್ತದೆ. ಹೀಗೆ ಬೇಲಿಯ ಮೇಲಿನ ಬಣ್ಣದ ಹೂವಿಗೂ ತನ್ನ ಮನೆಯ ಬಾಳೆಗೂ ಇರುವ ನಂಟನ್ನು ಮಗು ಕಂಡುಕೊಂಡರೆ, ಪರಿಸರ ವ್ಯವಸ್ಥೆ ಎಂಬ ದೊಡ್ಡ ಪದಕ್ಕೆ ಅರ್ಥ ಬಂದಂತೆ. ಕಾಯಿ ಬಿಡುವ ಮುನ್ನ ಶಾಲೆಯ ಸುತ್ತಲಿನ ಎಳೆಯ ಲಂಟಾನವನ್ನು ಬೇರುಸಹಿತ ಕೀಳುವುದು ಹಿರಿಯರ ಜೊತೆಗೂಡಿ ಮಕ್ಕಳು ಮಾಡಬಹುದಾದ ಕೆಲಸ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಗಳಿಂದ ಕುರ್ಚಿ, ಮಂಚ ಹೆಣೆಯುವುದನ್ನು ಕಲಿತಿದ್ದಾರೆ. ಗಡಿಯಾಚೆ ಗೂಡಲೂರಿನ ಬುಡಕಟ್ಟು ಕಲಾವಿದರು ಮಾಡಿದ ಲಂಟಾನದ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಬಂದಿವೆ.

ಬೆಂಕಿಯ ಬಗ್ಗೆ ಸೋಲಿಗ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಹಿಂದೆ ಬೇಸಗೆಯ ಆರಂಭದಲ್ಲೇ ಅವರು ಹಾಕುತ್ತಿದ್ದ ‘ತರಗು ಬೆಂಕಿ’ ನೆಲಮಟ್ಟದಲ್ಲಿ ಒಣ ಎಲೆಯನ್ನಷ್ಟೇ ಸುಟ್ಟು ಮರಗಳನ್ನು ಉಳಿಸುತ್ತಿತ್ತು, ಲಂಟಾನವನ್ನೂ ಅಡಗಿಸುತ್ತಿತ್ತು ಎನ್ನುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆತದ್ದು, ಕಾಡನ್ನು ಬಲ್ಲವರ ತಿಳಿವಿಗೂ ಸಂದ ಮನ್ನಣೆ. ಇದನ್ನು ಕೇಳಿದ ಮಕ್ಕಳು ಬೆಂಕಿ ಹಚ್ಚಲು ಹೊರಡಬಾರದು, ನಿಜ. ಇಂದು ಲಂಟಾನ ತುಂಬಿದ ಕಾಡಿನಲ್ಲಿ ಕಿಡಿಯೊಂದು ಬಿದ್ದರೂ ಅನಾಹುತ. ಆದರೆ ಪುಸ್ತಕದಲ್ಲಿಲ್ಲದ ಜ್ಞಾನ ಹಾಡಿಯಲ್ಲಿದೆ ಎಂಬುದು ಮಕ್ಕಳಿಗೆ ತಿಳಿಯಬೇಕು. ಹಾಡಿಯ ಮಗು ಅದೇ ತರಗತಿಯಲ್ಲಿದ್ದರೆ ಅಂದು ಆ ಮಗುವಿನ ತಾತನೇ ಗುರು.

ನಮ್ಮ ಜಿಲ್ಲೆಯ ಮನೆಮನೆಯ ದೈವ ಮಾದಪ್ಪ. ಎಪ್ಪತ್ತೇಳು ಮಲೆಗಳ ಒಡೆಯನಾದ ಆತನ ವಾಹನ ಹುಲಿ. ಆ ಪಟವಿಲ್ಲದ ಮನೆ ಇತ್ತ ಸಿಗುವುದು ಕಷ್ಟ. ಹೂಗ್ಯಂನಲ್ಲಿ ಸತ್ತ ಐದು ಹುಲಿಗಳು ಬಿದ್ದಿದ್ದೂ ಅದೇ ಮಾದಪ್ಪನ ಮಲೆಯಲ್ಲಿ. ಈ ಎರಡನ್ನೂ ಒಂದೇ ತರಗತಿಯಲ್ಲಿ ಎದುರುಬದುರು ಇಟ್ಟು ಮಕ್ಕಳನ್ನೇ ಮಾತಾಡಲು ಬಿಡಬೇಕು. ಶಿಕ್ಷಕರು ತೀರ್ಪು ಹೇಳುವ ಅವಸರ ಮಾಡಬಾರದು. ಹಸು ಕಳೆದುಕೊಂಡವನ ಪರವಾಗಿ ಒಂದು ಮಗು, ಮರಿಗಳ ಪರವಾಗಿ ಒಂದು ಮಗು ವಾದಿಸಲಿ. ನಂತರ ಇಬ್ಬರೂ ಸ್ಥಾನ ಬದಲಿಸಲಿ.

ಮಠಗಳೂ ಇದರಲ್ಲಿ ಪಾಲು ತೆಗೆದುಕೊಳ್ಳಬೇಕು. ಜಾತ್ರೆ ಮುಗಿದ ಮರುದಿನ ಬಯಲಿನಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಲೋಟಗಳನ್ನು ನೋಡಿದ ಮಗುವಿಗೆ ಪ್ರವಚನದಲ್ಲಿ ಪರಿಸರದ ಮಾತು ಹೇಳುವುದು ಸಂಕೋಚದ ಸಂಗತಿ. ಪ್ರಸಾದಕ್ಕೆ ಮುತ್ತುಗದ ಎಲೆ, ಬಾಳೆ ಎಲೆ. ತಟ್ಟೆಯಲ್ಲಿ ಅಗುಳು ಬಿಡದ ಶಿಸ್ತು. ಉಚಿತ ವಿದ್ಯಾರ್ಥಿನಿಲಯಗಳ ಅಡುಗೆಮನೆಯ ತ್ಯಾಜ್ಯಕ್ಕೆ ಗೊಬ್ಬರದ ಗುಂಡಿ. ಇವು ಹೊಸ ಯೋಜನೆಗಳಲ್ಲ, ದಾಸೋಹದ ಹಳೆಯ ಮರ್ಯಾದೆಗಳು.

ಮಕ್ಕಳು ಬರೆದ ಕೆರೆಯ ನಕ್ಷೆ, ಮಳೆಯ ಪುಸ್ತಕ, ಕೊಳವೆಬಾವಿಗಳ ಪಟ್ಟಿ ಶಾಲೆಯ ಬೀರುವಿನಲ್ಲಿ ಧೂಳು ತಿನ್ನಬಾರದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ತಳಿ, ಪ್ರಾಣಿಗಳ ಜನತಾ ಜೀವವೈವಿಧ್ಯ ದಾಖಲಾತಿ ಅದರ ಹೊಣೆ. ಮಾಧವ ಗಾಡ್ಗೀಳರು ಈ ದಾಖಲಾತಿಯ ಕಲ್ಪನೆಯನ್ನು ಬೆಳೆಸುವಾಗ ವಿದ್ಯಾರ್ಥಿಗಳನ್ನೂ ಅದರಲ್ಲಿ ತೊಡಗಿಸಿದ್ದರು. ಮಕ್ಕಳ ಬರಹಕ್ಕೆ ಅಲ್ಲಿ ಸ್ಥಾನವಿದೆ. ಇದಕ್ಕಿಂತಲೂ ಹತ್ತಿರದ ದಾರಿ ಮಕ್ಕಳ ಗ್ರಾಮಸಭೆ. ನಮ್ಮ ರಾಜ್ಯದ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಈ ಸಭೆಯಲ್ಲಿ ಮಕ್ಕಳು ಬಹುತೇಕ ಶೌಚಾಲಯ, ಆಟದ ಮೈದಾನಗಳ ಬೇಡಿಕೆ ಇಡುತ್ತಾರೆ, ಅವೂ ಬೇಕಾದವೇ. ಅದರ ಜೊತೆಗೆ ಕೆರೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಈ ಕಾಲುವೆಯ ಹೂಳನ್ನು ಉದ್ಯೋಗ ಖಾತ್ರಿ ಕೆಲಸದಲ್ಲಿ ಯಾವಾಗ ತೆಗೆಸುತ್ತೀರಿ, ಬಾಕಿ ಉಳಿದ ಪರಿಹಾರದ ಅರ್ಜಿಗಳನ್ನು ಯಾರು ವಿಚಾರಿಸುತ್ತೀರಿ ಎಂದು ಏಳನೆಯ ತರಗತಿಯ ಹುಡುಗಿ ಕೇಳಲಿ. ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಯೂ ಕೊಟ್ಟ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಶಾಲೆಯ ಗೋಡೆಗೆ ಅಂಟಿಸಬೇಕು. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಓದುವುದು ಆ ಹಾಳೆಯನ್ನೇ.